ಕಾಲೇಜಿಗೆ ಬೀಗ, ಊಟಕ್ಕೆ ಭತ್ಯೆ

1665ರ ಆಗಸ್ಟ್ ಮೊದಲ ವಾರ ದಾಟುವ ಹೊತ್ತಿಗೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ನಿರ್ಣಯ ಪುಸ್ತಕದಲ್ಲಿ ಒಂದು ಸಣ್ಣ ಬರಹ ಸೇರಿತು. ಪ್ಲೇಗಿನ ಕಾರಣಕ್ಕೆ ಹಳ್ಳಿಗಳಿಗೆ ಹೊರಡುವ ಫೆಲೋಗಳಿಗೂ ಸ್ಕಾಲರ್‌ಗಳಿಗೂ ಮುಂದಿನ ಒಂದು ತಿಂಗಳ ಊಟದ ಹಣವನ್ನು ಎಂದಿನ ದರದಲ್ಲೇ ಕೊಡತಕ್ಕದ್ದು, ಅಷ್ಟೆ. ರೋಗದ ವರ್ಣನೆಯಿಲ್ಲ, ಧೈರ್ಯ ತುಂಬುವ ಮಾತೂ ಇಲ್ಲ.

ಆ ವರ್ಷ ಎಂದೊಡನೆ ನಮಗೆ ನೆನಪಾಗುವುದು ನ್ಯೂಟನ್ ಮತ್ತು ಸೇಬಿನ ಮರ. 2020ರ ಲಾಕ್‌ಡೌನ್‌ನಲ್ಲಿ ಆ ಕಥೆ ವಾಟ್ಸ್‌ಆ್ಯಪ್‌ನಲ್ಲಿ ಎಷ್ಟು ಸಲ ಬಂತೋ! ಅವನು ಮನೆಯಲ್ಲಿ ಕೂತು ಕ್ಯಾಲ್ಕುಲಸ್ ಕಂಡುಹಿಡಿದ, ನೀವೇನು ಮಾಡುತ್ತಿದ್ದೀರಿ ಎಂಬ ಚುಚ್ಚುಮಾತಿನ ಸಮೇತ. ಅವನು ಓದುತ್ತಿದ್ದ ಈ ಕಾಲೇಜಿನ ಕಥೆಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ. ನನಗೆ ಅದೇ ಹೆಚ್ಚು ಸ್ವಾರಸ್ಯದ್ದಾಗಿ ಕಾಣುತ್ತದೆ.

ಕೇಂಬ್ರಿಜ್‌ನಲ್ಲಿ ಕಾಲೇಜು ಎಂದರೆ ನಮ್ಮ ಲೆಕ್ಕದ ಕಾಲೇಜಲ್ಲ, ಹೆಚ್ಚು ಕಡಿಮೆ ಮಠವಿದ್ದಂತೆ. ಪದವಿ ಕೊಡುವುದು ವಿಶ್ವವಿದ್ಯಾಲಯ. ವಾಸ, ಊಟ, ಪ್ರಾರ್ಥನೆ, ಓದಿನ ಉಸ್ತುವಾರಿ ಎಲ್ಲ ಕಾಲೇಜಿನದು. ಅದಕ್ಕೆ ಸ್ವಂತ ಜಮೀನು, ಅದರಿಂದ ಬರುವ ಗೇಣಿ. ಮೇಲೆ ಮಾಸ್ಟರ್, ಅವರ ಕೆಳಗೆ ಫೆಲೋಗಳು, ಆಮೇಲೆ ಕಾಲೇಜಿನ ಖರ್ಚಿನಲ್ಲಿ ಓದುವ ಸ್ಕಾಲರ್‌ಗಳು. ಉಳ್ಳವರ ಚಾಕರಿ ಮಾಡಿ ಓದುವ ಬಡ ಹುಡುಗರಿಗೆ ಸೈಜರ್ ಎಂದು ಹೆಸರು. ನ್ಯೂಟನ್ 1661ರಲ್ಲಿ ಸೈಜರ್ ಆಗಿ ಸೇರಿ, 1664ರಲ್ಲಿ ಸ್ಕಾಲರ್ ಆದವನು. ಇಂಥ ಸಂಸ್ಥೆಗೆ ಬೀಗ ಹಾಕುವುದೆಂದರೆ ಪಾಠ ನಿಲ್ಲಿಸಿದರೆ ಮುಗಿಯಲಿಲ್ಲ, ಒಂದು ದೊಡ್ಡ ಸಂಸಾರವನ್ನೇ ಚದುರಿಸಬೇಕು. ಹಾಗೆ ಚದುರಿದವರಿಗೂ ಕಾಲೇಜಿನ ಅನ್ನದ ಹಕ್ಕು ಉಳಿಯುತ್ತದೆ ಎಂಬುದು ಆ ನಿರ್ಣಯದ ಅರ್ಥ. ಊಟ ಬಡಿಸುತ್ತಿದ್ದವರ ಪ್ರಸ್ತಾಪ ಅದರಲ್ಲಿ ಇಲ್ಲ ಎಂಬುದನ್ನೂ ಗಮನಿಸಬೇಕು.

ಪ್ಲೇಗ್ ಕೇಂಬ್ರಿಜ್‌ಗೆ ಹೊಸದಾಗಿರಲಿಲ್ಲ. 1348–49ರ ಮಹಾಮಾರಿ ಪಾದ್ರಿಗಳನ್ನು ಗುಡಿಸಿ ಹಾಕಿದಾಗ, ಆ ಕೊರತೆ ತುಂಬಲೆಂದೇ ಒಬ್ಬ ಬಿಷಪ್ 1350ರಲ್ಲಿ ಟ್ರಿನಿಟಿ ಹಾಲ್ ಕಟ್ಟಿಸಿದ. ಇನ್ನೆರಡು ವರ್ಷಕ್ಕೆ ಊರಿನ ಗಿಲ್ಡುಗಳೇ ಸೇರಿ ಕಾರ್ಪಸ್ ಕ್ರಿಸ್ಟಿ ಕಾಲೇಜು ತೆರೆದವು. ಹೀಗಾಗಿ 1665ರಲ್ಲಿ ಏನು ಮಾಡಬೇಕೆಂದು ಯಾರೂ ಹೊಸದಾಗಿ ಯೋಚಿಸಬೇಕಿರಲಿಲ್ಲ. ಸ್ಟರ್‌ಬ್ರಿಜ್‌ನ ಪ್ರಸಿದ್ಧ ಜಾತ್ರೆ ರದ್ದಾಯಿತು. ಅಕ್ಟೋಬರಿನಲ್ಲಿ ದೊಡ್ಡ ಚರ್ಚಿನ ಪ್ರವಚನಗಳೂ ಸಾರ್ವಜನಿಕ ವಾದಗೋಷ್ಠಿಗಳೂ ನಿಂತವು. ಟ್ರಿನಿಟಿಯಲ್ಲಿ ಆ ವರ್ಷವೂ ಮರುವರ್ಷವೂ ಫೆಲೋಗಳ ಆಯ್ಕೆ ನಡೆಯಲಿಲ್ಲ. ನ್ಯೂಟನ್ ಮಾತ್ರ ಕಾಲೇಜು ಚದುರುವ ಮೊದಲೇ ಊರಿಗೆ ಹೋಗಿಬಿಟ್ಟಿದ್ದನೆಂದು ಕಾಣುತ್ತದೆ. ಆಗಸ್ಟ್‌ನ ನಿರ್ಣಯದಂತೆ ಹೆಚ್ಚುವರಿ ಊಟದ ಹಣ ಪಡೆದವರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಕಚೇರಿ ನಿಯಮ ಎಂದರೆ ಎಂದಿಗೂ ಕಚೇರಿ ನಿಯಮವೇ! 1666ರ ಮಾರ್ಚಿನಲ್ಲಿ ರೋಗ ಇಳಿಯಿತೆಂದು ಮರಳಿದವನು ಜೂನಿನಲ್ಲಿ ಮತ್ತೆ ಗಂಟು ಕಟ್ಟಿದ. ನೆಮ್ಮದಿಯಾಗಿ ತಿರುಗಿ ಬಂದದ್ದು 1667ರ ಏಪ್ರಿಲ್‌ನಲ್ಲಿ.

ಈ ನಡುವೆ ಊರಿನ ಸಾವಿನ ಪಟ್ಟಿಗಳು ಅಚ್ಚಾಗುತ್ತಿದ್ದವು. ಯಾವ ಪ್ಯಾರಿಷ್‌ನಲ್ಲಿ ಎಷ್ಟು ಜನ ತೀರಿಕೊಂಡರು ಎಂಬ ಲೆಕ್ಕದ ಜೊತೆಗೆ, ದೇವರ ದಯೆಯಿಂದ ಕಾಲೇಜುಗಳಲ್ಲಿ ಸೋಂಕಿಲ್ಲ ಎಂಬ ಮಾತೂ ಇರುತ್ತಿತ್ತು. ದೇವರ ದಯೆಗಿಂತ ಗೇಣಿಯ ದಯೆ ದೊಡ್ಡದಿತ್ತು ಎಂದು ನನ್ನ ಅನಿಸಿಕೆ. ಹೋಗಲು ಇನ್ನೊಂದು ಊರು, ಕೈಯಲ್ಲಿ ಕಾಸು ಇದ್ದವರು ಹೋದರು. ದರ್ಜಿ, ಅಗಸ, ಅಡುಗೆಯವನಿಗೆ ವಿದ್ಯಾರ್ಥಿಗಳೇ ಜೀವನೋಪಾಯ. ಕಾಲೇಜು ಖಾಲಿಯಾದ ದಿನವೇ ಅವರ ಒಲೆಯೂ ಆರಿತು.

ಈ ಅಂತರವನ್ನು ಕಣ್ಣಾರೆ ಕಂಡು, ಊರು ಬಿಡದೆ ನಿಂತವನು ಒಬ್ಬನಿದ್ದ. ಅದು ಇನ್ನೂ ಹಿಂದಿನ ಮಾತು: 1630ರಲ್ಲಿ ಪ್ಲೇಗ್ ಬಂದಾಗ ಕಾರ್ಪಸ್ ಕ್ರಿಸ್ಟಿಯ ಮಾಸ್ಟರ್ ಆಗಿದ್ದ ಹೆನ್ರಿ ಬಟ್ಸ್, ವಿಶ್ವವಿದ್ಯಾಲಯದ ಉಪಕುಲಪತಿಯೂ ಹೌದು. ಹರೆಯದಲ್ಲಿ, 1599ರಲ್ಲಿ, ಆಹಾರದ ಬಗ್ಗೆ ತಮಾಷೆಯ ಪುಸ್ತಕ ಬರೆದಿದ್ದ ಮನುಷ್ಯ. ಹಣ್ಣಿನಿಂದ ಶುರುವಾಗಿ ಹೊಗೆಸೊಪ್ಪಿನಲ್ಲಿ ಮುಗಿಯುವ ಎಂಟು ಬಗೆಯ ಊಟ ಅದರಲ್ಲಿದೆ. ಎಲ್ಲರೂ ಹೊರಟುಹೋದ ಮೇಲೆ ಅವನ ಪಾಲಿಗೆ ಉಳಿದದ್ದು ಹಸಿದ ಊರು. ಊರಾಚೆಯ ಗೋಮಾಳದಲ್ಲಿ ಸುಮಾರು 40 ಜೋಪಡಿ ಕಟ್ಟಿಸಿ, ರೋಗ ತಗುಲಿದವರನ್ನು ಅಲ್ಲಿಗೆ ಸಾಗಿಸಿ, ಹಗಲಿರುಳು ನೋಡಿಕೊಳ್ಳಲು ಒಬ್ಬ ಜರ್ಮನ್ ವೈದ್ಯನನ್ನು ಇರಿಸಿದ. (1898ರ ಪ್ಲೇಗಿನಲ್ಲಿ ಬೆಂಗಳೂರಿನ ಹೊರಗೆ ಎದ್ದ ಶೆಡ್ಡುಗಳ ಕಥೆ ಕೇಳಿದವರಿಗೆ ಇದು ಹೊಸದೆನಿಸದು.) ಕೆಲಸವಿಲ್ಲದ ಬಡವರಿಗಾಗಿ ದೇಶದಾದ್ಯಂತ ಚಂದಾ ಎತ್ತಲು ರಾಜನ ಅಪ್ಪಣೆಯೂ ಸಿಕ್ಕಿತು. ರಾಜನ ಹಿರಿಯ ಮಂತ್ರಿ ಲಾರ್ಡ್ ಕವೆಂಟ್ರಿಗೆ ಬರೆದ ಕಾಗದದಲ್ಲಿ ಬಟ್ಸ್ ತನ್ನ ಒಂಟಿತನವನ್ನು ಮುಚ್ಚಿಡಲಿಲ್ಲ: ಜೊತೆಗೆ ಯಾರೂ ಇಲ್ಲ, ಕಾಲೇಜಿನ ಒಳಗೂ ಹೊರಗೂ ಒಬ್ಬ ವಿದ್ಯಾರ್ಥಿಯ ಮುಖ ಕಾಣುವುದಿಲ್ಲ ಎಂದು ತೋಡಿಕೊಂಡ.

ರೋಗ ಅವನನ್ನು ಮುಟ್ಟಲಿಲ್ಲ. ಆದರೆ 1632ರ ಈಸ್ಟರ್ ಭಾನುವಾರ ಅವನು ತಾನಾಗಿಯೇ ಜೀವ ಕಳೆದುಕೊಂಡ. ಕೆಲವೇ ದಿನಗಳ ಹಿಂದೆ ರಾಜ ಭೇಟಿ ಕೊಟ್ಟಾಗ ಬಟ್ಸ್ ಬೆಂಬಲಿಸಿದ್ದ ನಾಟಕ ನೆಲಕಚ್ಚಿ, ಅವನು ಮುಖಭಂಗ ಅನುಭವಿಸಿದ್ದ. ಅದೊಂದೇ ಕಾರಣವೋ, ಪ್ಲೇಗಿನ ತಿಂಗಳುಗಳ ಭಾರವೂ ಸೇರಿತ್ತೋ ಹೇಳುವವರಾರು?

ಅದೇ 1630ರ ಪ್ಲೇಗಿಗೆ ಕವಿ ಮಿಲ್ಟನ್ ಕಡೆಯಿಂದ ಒಂದು ನಗುವೂ ಸಂದಿದೆ. ಕೇಂಬ್ರಿಜ್–ಲಂಡನ್ ನಡುವೆ ಗಾಡಿ ಹೊಡೆಯುತ್ತಿದ್ದ ವೃದ್ಧ ಥಾಮಸ್ ಹಾಬ್ಸನ್‌ಗೆ ರೋಗದ ದೆಸೆಯಿಂದ ಸಂಚಾರ ನಿಲ್ಲಿಸಬೇಕಾಯಿತು. ಹೊಸ ವರ್ಷದ ಮೊದಲ ದಿನ ಅವನು ತೀರಿಕೊಂಡ. ಆಗ ಕ್ರೈಸ್ಟ್ಸ್ ಕಾಲೇಜಿನಲ್ಲಿ ಓದುತ್ತಿದ್ದ ಮಿಲ್ಟನ್, ಮುದುಕ ಸತ್ತದ್ದೇ ಗಾಡಿ ನಿಂತದ್ದರಿಂದ ಎಂದು ಎರಡು ವಿನೋದ ಕವಿತೆ ಕಟ್ಟಿದ.

ಕೋವಿಡ್ ಬಂದಾಗಲೂ ಕೇಂಬ್ರಿಜ್‌ಗೆ ಆಸರೆಯಾದದ್ದು ಹಳೆಯ ಊಟ-ವಾಸದ ವ್ಯವಸ್ಥೆಯೇ. 2020ರ ಮಾರ್ಚಿನಲ್ಲಿ ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿದರು. ದೂರ ದೇಶದವರು ಹಲವರು ಅಲ್ಲೇ ಉಳಿದರು. ಅಕ್ಟೋಬರಿನಲ್ಲಿ ಎಲ್ಲರೂ ಮರಳಿದಾಗ, ಒಂದೇ ಅಡುಗೆಮನೆ, ಬಚ್ಚಲು ಬಳಸುವವರನ್ನು ಒಂದು ಮನೆಯವರೆಂದು ಎಣಿಸಿದರು. ಆ ಮನೆಯವರೆಲ್ಲರ ಸ್ವಾಬ್ ಕಡ್ಡಿಗಳು ಒಂದೇ ನಳಿಕೆಗೆ. ಪಾಸಿಟಿವ್ ಬಂದರೆ ಮಾತ್ರ ಒಬ್ಬೊಬ್ಬರಿಗೆ ಬೇರೆ ಪರೀಕ್ಷೆ. ಲಕ್ಷಣವಿಲ್ಲದವರನ್ನು ಹೀಗೆ ವಾರವಾರವೂ ತಪಾಸಿಸಲು ಸಾಧ್ಯವಾದದ್ದು ಯಾರು ಯಾರ ಜೊತೆ ಇದ್ದಾರೆಂಬುದು ಕಾಲೇಜುಗಳಿಗೆ ಮೊದಲೇ ಗೊತ್ತಿದ್ದುದರಿಂದ.

1665ರ ಕಥೆ ನಮಗೆ ತಿಳಿದಿರುವುದು ಯಾರೋ ಗುಮಾಸ್ತ ಊಟದ ಲೆಕ್ಕ ಬರೆದಿಟ್ಟದ್ದರಿಂದ, 1630ರದ್ದು ಒಂದು ಕಾಗದ ಉಳಿದದ್ದರಿಂದ. ನಮ್ಮ ಕಾಲೇಜುಗಳಲ್ಲಿ 2020–21ರ ಮೆಸ್ ಲೆಕ್ಕ, ಹಾಸ್ಟೆಲ್ ರಿಜಿಸ್ಟರ್, ನೋಟಿಸುಗಳು, ಆನ್‌ಲೈನ್ ತರಗತಿಯ ಹಾಜರಿ ಈಗ ರದ್ದಿಗೆ ಬೀಳುವ ವಯಸ್ಸಿಗೆ ಬಂದಿವೆ. ಪ್ರಾಂಶುಪಾಲರು, ಗ್ರಂಥಪಾಲಕರು ದಯವಿಟ್ಟು ಅವನ್ನು ಒಂದು ಕಪಾಟಿಗೆ ಸೇರಿಸಿಡಲಿ. ಆ ತಿಂಗಳುಗಳಲ್ಲಿ ಅಡುಗೆಯವರಿಗೆ, ಕಾವಲುಗಾರರಿಗೆ, ಅತಿಥಿ ಉಪನ್ಯಾಸಕರಿಗೆ ಸಂಬಳ ಸಿಕ್ಕಿತೇ ಇಲ್ಲವೇ ಎಂಬ ಪುಟವೂ ಅದರಲ್ಲಿರಲಿ.