ತಣ್ಣನೆಯ ಕಡಲು ಮತ್ತು ಎಣ್ಣೆ

ಚಳಿಯಲ್ಲಿ ಪದಾರ್ಥ ಬೇಗ ಕೆಡುವುದಿಲ್ಲ ಎಂಬುದು ನಮ್ಮ ಅಡಿಗೆಮನೆಗಳ ಹಳೆಯ ತಿಳಿವಳಿಕೆ. ಬೇಸಗೆಯಲ್ಲಿ ಮಧ್ಯಾಹ್ನದೊಳಗೆ ಒಡೆದುಹೋಗುವ ಹಾಲು ಮಾಗಿಯ ದಿನಗಳಲ್ಲಿ ಸಂಜೆಯವರೆಗೂ ಕೆಡದೆ ಉಳಿಯುತ್ತದೆ. ಅದೇ ಮಾಗಿಯ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಸೀಸೆಯೊಳಗೆ ಹೆಪ್ಪುಗಟ್ಟಿ ಕುಳಿತು, ಬಿಸಿಲಿಗಿಟ್ಟ ಹೊರತು ಹೊರಗೆ ಬರಲೊಲ್ಲದು. ಈ ಎರಡು ಸಾಧಾರಣ ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ನಾನು ಇಂದು ಹೇಳಹೊರಟಿರುವ ವಿಷಯದ ಅರ್ಧಭಾಗ ತಿಳಿದಂತೆಯೇ ಸರಿ. ಚೆಲ್ಲಿದ ಎಣ್ಣೆ ಎಲ್ಲ ಕಡಲುಗಳಿಗೂ ಅನಾಹುತವೇ. ಆದರೆ ತಣ್ಣನೆಯ ಕಡಲಿನಲ್ಲಿ ಆ ಅನಾಹುತ ಬೇಗನೆ ಮುಗಿಯುವುದಿಲ್ಲ. ಹಾಗೇಕೆ ಎಂಬುದನ್ನು ಒಂದು ನಿದರ್ಶನದ ಮೂಲಕ ವಿವರಿಸಲು ಯತ್ನಿಸುತ್ತೇನೆ.

ಉತ್ತರ ಅಮೆರಿಕ ಖಂಡದ ವಾಯವ್ಯ ಮೂಲೆಯಲ್ಲಿ ಅಲಾಸ್ಕ ಪ್ರಾಂತವಿದೆ. ಅದರ ದಕ್ಷಿಣ ತೀರದಲ್ಲಿ, ಹಿಮನದಿಗಳು ನೇರವಾಗಿ ಕಡಲಿಗಿಳಿಯುವ ಎಡೆಯಲ್ಲಿ, ದ್ವೀಪಗಳಿಂದ ತುಂಬಿದ ಒಂದು ವಿಶಾಲವಾದ ಕೊಲ್ಲಿಯುಂಟು. ಅದಕ್ಕೆ ಪ್ರಿನ್ಸ್ ವಿಲಿಯಂ ಸೌಂಡ್ ಎಂದು ಹೆಸರು. ಅಲಾಸ್ಕದ ಉತ್ತರ ತುದಿಯ ಬಾವಿಗಳಿಂದ ತೆಗೆದ ಕಚ್ಚಾ ತೈಲ ಉದ್ದವಾದ ಕೊಳವೆಯಲ್ಲಿ ಹರಿದು ಈ ಕೊಲ್ಲಿಯ ವಾಲ್ಡೆಜ್ ಬಂದರನ್ನು ಸೇರಿ, ಅಲ್ಲಿಂದ ಹಡಗುಗಳಲ್ಲಿ ಹೊರಡುತ್ತದೆ. 1989ನೆಯ ಇಸವಿ ಮಾರ್ಚ್ 23ರ ರಾತ್ರಿ ಹಾಗೆ ಹೊರಟ ಎಕ್ಸಾನ್ ವಾಲ್ಡೆಜ್ ಎಂಬ ಹಡಗು, ತೇಲಿಬರುತ್ತಿದ್ದ ಹಿಮಗಡ್ಡೆಗಳನ್ನು ತಪ್ಪಿಸಲೆಂದು ದಾರಿ ಬಿಟ್ಟು ಸರಿಯಿತು. ಸರಿದದ್ದು ಸಕಾಲದಲ್ಲಿ ಮತ್ತೆ ದಾರಿಗೆ ಮರಳಲಿಲ್ಲ. ನಡುರಾತ್ರಿ ಕಳೆದು ಕೆಲವೇ ನಿಮಿಷಗಳಿಗೆ ಬ್ಲೈ ರೀಫ್ ಎಂಬ ಬಂಡೆಸಾಲನ್ನು ಏರಿ ನಿಂತಿತು. ಅದರ ಹನ್ನೊಂದು ತೈಲಕೋಠಿಗಳಲ್ಲಿ ಎಂಟು ಒಡೆದವು. ಸುಮಾರು 4 ಕೋಟಿ ಲೀಟರು ಕಚ್ಚಾ ತೈಲ ನೀರಿಗೆ ಸೇರಿತು. ಕಾಲಕ್ರಮದಲ್ಲಿ ಅದು ಸುಮಾರು 2,100 ಕಿಲೋಮೀಟರು ಉದ್ದದ ತೀರವನ್ನು ಮುಟ್ಟಿತು.

ಪರಿಮಾಣದಲ್ಲಿ ಇದಕ್ಕಿಂತ ದೊಡ್ಡ ಸೋರಿಕೆಗಳು ಲೋಕದಲ್ಲಿ ಹಲವು ಆಗಿವೆ. ಆದರೂ ಸಮುದ್ರಜೀವಶಾಸ್ತ್ರಜ್ಞರು ಮತ್ತೆ ಮತ್ತೆ ಈ ಕೊಲ್ಲಿಗೇ ಮರಳುವುದಕ್ಕೆ ಕಾರಣ, ತಣ್ಣೀರಿನಲ್ಲಿ ಎಣ್ಣೆಯ ಗತಿ ಏನಾಗುತ್ತದೆಂಬುದನ್ನು ದಶಕಗಳ ಕಾಲ ಬಿಡದೆ ನೋಡಿದ ತಾಣ ಇದು.

ಕಡಲಿಗೆ ಬಿದ್ದ ಎಣ್ಣೆಯನ್ನು ಪ್ರಕೃತಿ ಮೂರು ಬಗೆಯಲ್ಲಿ ಕರಗಿಸುತ್ತದೆ. ಮೊದಲನೆಯದಾಗಿ, ಅದರಲ್ಲಿನ ಹಗುರವಾದ ಅಂಶಗಳು ಆವಿಯಾಗಿ ಗಾಳಿಗೆ ಹೋಗುತ್ತವೆ. ಎರಡನೆಯದಾಗಿ, ಅಲೆಗಳು ಉಳಿದುದನ್ನು ಹನಿಹನಿಯಾಗಿ ಒಡೆದು ಚದುರಿಸುತ್ತವೆ. ಮೂರನೆಯದಾಗಿ, ಕಡಲಿನ ಕೆಲವು ಬ್ಯಾಕ್ಟೀರಿಯಗಳು ಆ ಹನಿಗಳನ್ನೇ ಆಹಾರವಾಗಿ ತಿಂದು ಜೀರ್ಣಿಸುತ್ತವೆ. ಈ ಮೂರೂ ಕೆಲಸಗಳಿಗೆ ಬೆಚ್ಚಗಿನ ನೀರು ಒತ್ತಾಸೆ, ತಣ್ಣನೆಯ ನೀರು ಅಡ್ಡಿ. ಮಾರ್ಚ್ ತಿಂಗಳಲ್ಲಿ ಆ ಕೊಲ್ಲಿಯ ನೀರಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಅಂಥ ನೀರಿನಲ್ಲಿ ಆವಿಯಾಗುವಿಕೆ ನಿಧಾನ. ಹಗುರವಾದ ಅಂಶಗಳೇ ಜೀವಿಗಳಿಗೆ ಒಡನೆ ವಿಷವಾಗುವಂಥವು; ಅವು ಗಾಳಿಗೆ ಹೋಗಲು ತಡವಾದಷ್ಟೂ ನೀರಿನಲ್ಲಿ ಕರಗಲು ಅವಕಾಶ ಹೆಚ್ಚು. ಎಣ್ಣೆ ಗಟ್ಟಿಯಾಗಿ ಮಂದವಾಗುವುದರಿಂದ ಅಲೆಗಳಿಗೂ ಅದು ಸುಲಭವಾಗಿ ಒಡೆಯುವುದಿಲ್ಲ. ಅಪಘಾತವಾದ ಮೂರನೆಯ ದಿನ ಬಿರುಗಾಳಿ ಎದ್ದಾಗ ಎಣ್ಣೆ ಚದುರುವ ಬದಲು ನೀರನ್ನು ತನ್ನೊಳಗೆ ಕಡೆದುಕೊಂಡು ಕಂದುಬಣ್ಣದ ದಪ್ಪ ನೊರೆಯಾಯಿತು. ಕೆನೆಯಂತೆ ಕಾಣುವ ಈ ನೊರೆಯನ್ನು ಮೊಗೆಯುವುದೂ ಕಷ್ಟ, ಸುಡುವುದೂ ಕಷ್ಟ.

ಬ್ಯಾಕ್ಟೀರಿಯಗಳ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚಳಿಯ ಕಡಲಿನಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಗಳೇ ಇಲ್ಲವೆಂದಲ್ಲ. ಚಳಿಗೆ ಒಗ್ಗಿದ ತಳಿಗಳು ಅಲ್ಲಿಯೂ ಉಂಟು. ಆದರೆ ಅವುಗಳ ಊಟ ನಿಧಾನ. ಊಟಕ್ಕೆ ಎಣ್ಣೆಯೊಂದೇ ಸಾಲದು, ಆಮ್ಲಜನಕವೂ ಸಾರಜನಕದಂಥ ಪೋಷಕಗಳೂ ಬೇಕು. ಅಲಾಸ್ಕದ ತೀರ ನಮ್ಮ ಪಶ್ಚಿಮ ಕರಾವಳಿಯ ಉದ್ದನೆಯ ಮರಳದಂಡೆಗಳಂಥದಲ್ಲ. ಅಲ್ಲಿ ಗುಂಡುಕಲ್ಲುಗಳ ಹೊದಿಕೆ, ಅದರಡಿಯಲ್ಲಿ ಜಲ್ಲಿ ಮತ್ತು ಮಣ್ಣು. ಇಳಿತದ ಹೊತ್ತಿನಲ್ಲಿ ಎಣ್ಣೆ ಕಲ್ಲಿನ ಸಂದುಗಳಿಂದ ಕೆಳಕ್ಕೆ ಇಳಿಯಿತು. ಮೇಲಿನ ಕಲ್ಲುಗಳು ಅದನ್ನು ಅಲೆಗಳಿಂದ ಕಾಪಾಡಿದವು. ಕೆಳಗಿನ ಮಣ್ಣಿನಲ್ಲಿ ಆಮ್ಲಜನಕ ಕಡಿಮೆ. 2001ರಲ್ಲಿ, ಎಂದರೆ ಹನ್ನೆರಡು ವರ್ಷಗಳ ತರುವಾಯ, ವಿಜ್ಞಾನಿಗಳು 91 ತಾಣಗಳಲ್ಲಿ ಸುಮಾರು 9,000 ಗುಂಡಿಗಳನ್ನು ತೋಡಿ ನೋಡಿದರು. ಅರ್ಧಕ್ಕಿಂತ ಹೆಚ್ಚು ತಾಣಗಳಲ್ಲಿ ಎಣ್ಣೆ ಇನ್ನೂ ಇತ್ತು. ಕೆಲವೆಡೆ ಅದು ಆಗತಾನೆ ಚೆಲ್ಲಿದಂತೆ ಹಸಿಯಾಗಿ, ವಾಸನೆ ಸಮೇತ ಉಳಿದಿತ್ತು. ಹಾಲನ್ನು ಕಾಪಾಡುವ ಚಳಿಯೇ ಇಲ್ಲಿ ವಿಷವನ್ನು ಕಾಪಾಡಿತ್ತು.

ಇಷ್ಟು ಎಣ್ಣೆಯ ಮಾತಾಯಿತು. ಇನ್ನು ಜೀವಿಗಳ ಕಡೆಗೆ ಬರೋಣ. ಚಳಿಯ ಕಡಲಿನಲ್ಲಿ ಬೆಚ್ಚಗಿರುವುದೇ ಪ್ರಾಣಿಗಳಿಗೆ ಮೊದಲ ಚಿಂತೆ. ತಿಮಿಂಗಿಲಕ್ಕೂ ಸೀಲ್ ಪ್ರಾಣಿಗೂ ಚರ್ಮದ ಕೆಳಗೆ ಕೊಬ್ಬಿನ ದಪ್ಪ ಪದರವಿದೆ. ಕಡಲ ನೀರುನಾಯಿಗೆ ಅದಿಲ್ಲ. ಅದರ ಆಸ್ತಿಯೆಲ್ಲ ಅದರ ತುಪ್ಪುಳು. ಮನುಷ್ಯನ ಇಡೀ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿದ್ದರೆ, ನೀರುನಾಯಿಯ ಮೈಯಲ್ಲಿ ಒಂದು ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿಯೇ ಅಷ್ಟು ಕೂದಲು ಸಿಕ್ಕುತ್ತದೆ. ಅದರ ನಡುವೆ ಸಿಕ್ಕಿಕೊಂಡ ಗಾಳಿಯೇ ಅದಕ್ಕೆ ಕಂಬಳಿ. ಎಣ್ಣೆ ಅಂಟಿದೊಡನೆ ಕೂದಲು ಮುದ್ದೆಯಾಗಿ, ಗಾಳಿ ಹೊರಟುಹೋಗಿ, ಹಿಮದಂಥ ನೀರು ನೇರವಾಗಿ ಚರ್ಮವನ್ನು ಮುಟ್ಟುತ್ತದೆ. ಮೈ ಬೆಚ್ಚಗಿಡಲು ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ಆಹಾರ ತಿನ್ನಬೇಕಾದ ಪ್ರಾಣಿ ಅದು. ಎಣ್ಣೆ ಹತ್ತಿದ ಮೇಲೆ ಬೇಟೆ ಬಿಟ್ಟು ತುಪ್ಪುಳನ್ನು ನೆಕ್ಕುತ್ತ ಕೂರುತ್ತದೆ. ನೆಕ್ಕಿದಷ್ಟೂ ವಿಷ ಹೊಟ್ಟೆಗೆ ಹೋಗುತ್ತದೆ. ಹಕ್ಕಿಗಳ ಪಾಡೂ ಇದೇ. ಬೆಚ್ಚಗಿನ ಕಡಲಿನಲ್ಲಿ ಎಣ್ಣೆ ಅಂಟಿದ ಹಕ್ಕಿಗೆ ಒಂದಿಷ್ಟು ಗಡುವಾದರೂ ಸಿಕ್ಕೀತು. ಇಲ್ಲಿ ಗರಿಯ ಮೇಲಿನ ಒಂದು ಚಿಕ್ಕ ಕಲೆ, ಹರಿದ ಕಂಬಳಿಯ ತೂತಿನಂತೆ, ಪ್ರಾಣಕ್ಕೆ ಎರವಾಗಬಹುದು. ಆ ವರ್ಷ ಸುಮಾರು ಎರಡೂವರೆ ಲಕ್ಷ ಕಡಲಹಕ್ಕಿಗಳೂ 2,800 ನೀರುನಾಯಿಗಳೂ 300 ಸೀಲ್‌ಗಳೂ ಸತ್ತಿರಬೇಕೆಂದು ಅಂದಾಜು ಮಾಡಲಾಗಿದೆ.

ಕಾಲವೂ ಕೆಟ್ಟದಾಗಿತ್ತು. ದೀರ್ಘವಾದ ಕತ್ತಲೆಯ ಚಳಿಗಾಲ ಮುಗಿದು ಬೆಳಕು ಮರಳುವ ವಸಂತದಲ್ಲಿ ಆ ಕಡಲಿಗೆ ಜೀವಕಳೆ ಒಮ್ಮೆಗೇ ಏರುತ್ತದೆ. ಹೆರಿಂಗ್ ಮೀನುಗಳು ತೀರದ ಪಾಚಿಗಳ ಮೇಲೆ ಮೊಟ್ಟೆಯಿಡಲು ಬರುತ್ತವೆ, ಅವನ್ನು ಹುಡುಕಿಕೊಂಡು ಹಕ್ಕಿಗಳು ಬರುತ್ತವೆ, ತೊರೆಗಳಲ್ಲಿ ಹುಟ್ಟಿದ ಸಾಲ್ಮನ್ ಮರಿಗಳು ಕಡಲಿಗೆ ಇಳಿಯುತ್ತವೆ. ನಮ್ಮ ಕಡೆಯ ಜೀವಿಗಳಿಗೆ ವರ್ಷವೆಲ್ಲ ಹಂಚಿಹೋಗಿರುವ ಬಾಳುವೆಯನ್ನು ಅವು ಕೆಲವೇ ತಿಂಗಳಲ್ಲಿ ನಡೆಸಬೇಕು. ಹೀಗೆ ಎಲ್ಲವೂ ಒಂದೆಡೆ ನೆರೆಯುವ ಹೊತ್ತಿಗೇ ಎಣ್ಣೆ ಬಂದಿತು. ಮೀನಿನ ಮೊಟ್ಟೆಗಳ ಮೇಲೆ ಆದ ಪರಿಣಾಮ ವಿಜ್ಞಾನಿಗಳಿಗೂ ಅನಿರೀಕ್ಷಿತವಾಗಿತ್ತು. ನೂರು ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗದಷ್ಟು ತೈಲಾಂಶ ಕರಗಿದ್ದರೂ, ಬೆಳೆಯುತ್ತಿರುವ ಭ್ರೂಣದ ಹೃದಯಕ್ಕೆ ಅದು ಊನ ಮಾಡಬಲ್ಲುದೆಂದು ಅನಂತರದ ಪ್ರಯೋಗಗಳು ತೋರಿಸಿದವು. 1993ರಲ್ಲಿ ಕೊಲ್ಲಿಯ ಹೆರಿಂಗ್ ಸಂತತಿ ಕುಸಿದುಬಿದ್ದಿತು. ಅದಕ್ಕೆ ಎಣ್ಣೆಯೊಂದೇ ಕಾರಣವೆಂದು ಎಲ್ಲರೂ ಒಪ್ಪುವುದಿಲ್ಲ. ಮೀನುಗಳಿಗೆ ತಗುಲಿದ ರೋಗವನ್ನೂ ಆಹಾರದ ಕೊರತೆಯನ್ನೂ ಬೊಟ್ಟುಮಾಡುವವರಿದ್ದಾರೆ.

ಶುಚಿಗೊಳಿಸುವ ಯತ್ನವೂ ಒಂದು ಪಾಠವಾಯಿತು. ಹೆಪ್ಪುಗಟ್ಟಿದ ಎಣ್ಣೆಯನ್ನು ಸಡಿಲಿಸಲು ಬಂಡೆಗಳ ಮೇಲೆ ಬಿಸಿನೀರನ್ನು ಭಾರಿ ಒತ್ತಡದಲ್ಲಿ ಹಾಯಿಸಿದರು. ಎಣ್ಣೆಯೇನೋ ಜಾರಿತು, ಜೊತೆಗೆ ಬಂಡೆಗೆ ಕಚ್ಚಿಕೊಂಡಿದ್ದ ಚಿಪ್ಪುಜೀವಿಗಳೂ ಪಾಚಿಯೂ ಬೆಂದುಹೋದವು. ಹೋಲಿಕೆಗೆಂದು ತೊಳೆಯದೆ ಬಿಟ್ಟಿದ್ದ ಕೆಲವು ತೀರಗಳು ತೊಳೆದ ತೀರಗಳಿಗಿಂತ ಬೇಗ ಚೇತರಿಸಿಕೊಂಡವು. ಚಳಿಗೆ ಹೊಂದಿಕೊಂಡ ಜೀವಕ್ಕೆ ನಮ್ಮ ಉಪಚಾರದ ಬಿಸಿಯೇ ಹೊಸ ಪೆಟ್ಟಾಗಿತ್ತು.

ಈ ಕೊಲ್ಲಿಯ ತೀರದಲ್ಲಿ ಮನುಷ್ಯರೂ ಇದ್ದಾರೆ. ಚೆನೇಗ ಎಂಬುದು ಅಲ್ಲಿನ ಮೂಲನಿವಾಸಿಗಳಾದ ಅಲೂಟಿಕ್ ಜನರ ಒಂದು ಪುಟ್ಟ ಹಳ್ಳಿ. 1964ರ ಮಾರ್ಚ್ 27ರಂದು, ಗುಡ್ ಫ್ರೈಡೆಯ ದಿನ, ಅಲಾಸ್ಕದ ಮಹಾಭೂಕಂಪ ಎಬ್ಬಿಸಿದ ಅಲೆ ಆ ಹಳ್ಳಿಯನ್ನು ಗುಡಿಸಿಹಾಕಿತು. ಊರಿನ ಮೂರರಲ್ಲೊಂದು ಭಾಗದಷ್ಟು ಜನ ಸತ್ತರು. ಉಳಿದವರು ಚದುರಿಹೋಗಿ, ಇಪ್ಪತ್ತು ವರ್ಷಗಳ ಮೇಲೆ, 1984ರಲ್ಲಿ, ಮತ್ತೊಂದು ದ್ವೀಪದಲ್ಲಿ ಹೊಸದಾಗಿ ಊರು ಕಟ್ಟಿದರು. ಹೊಸ ಊರಿಗೆ ಐದು ವರ್ಷವಾದಾಗ, ಮತ್ತೊಂದು ಗುಡ್ ಫ್ರೈಡೆಯ ದಿನವೇ, ಹಡಗು ಒಡೆಯಿತು. ಕೆಲವು ದಿನಗಳಲ್ಲಿ ಎಣ್ಣೆ ಅವರ ನೀರಿಗೂ ಬಂದಿತು. ಸೀಲ್ ಮಾಂಸ, ಸಾಲ್ಮನ್, ಹೆರಿಂಗ್ ಮೊಟ್ಟೆ, ನಮ್ಮ ಕರಾವಳಿಯ ಮರುವಾಯಿಯನ್ನು ಹೋಲುವ ಚಿಪ್ಪುಮೀನು ಇವರ ಊಟ. ಇದನ್ನು ತಿನ್ನಬಹುದೇ, ತಿನ್ನಬಾರದೇ ಎಂದು ಕಡಲನ್ನೇ ಸಂಶಯದಿಂದ ನೋಡಬೇಕಾದ ಸ್ಥಿತಿ ಅವರಿಗೆ ಬಂದಿತು. ಭೂಕಂಪದ ಅಲೆ ಬಂದು ಹೋಗಿತ್ತು. ಎಣ್ಣೆ ಬಂದು ನಿಂತಿತು.

ಚೇತರಿಕೆಯೇ ಆಗಲಿಲ್ಲವೇ ಎಂದು ನೀವು ಕೇಳಬಹುದು. ಆಗಿದೆ; ಎಷ್ಟು ಕಾಲ ಹಿಡಿಯಿತೆಂಬುದೇ ಗಮನಿಸಬೇಕಾದ ಅಂಶ. ಚಳಿಯ ಕಡಲಿನ ದೊಡ್ಡ ಜೀವಿಗಳು ದೀರ್ಘಾಯುಗಳು, ಅವುಗಳ ಸಂತಾನ ವಿರಳ. ನೀರುನಾಯಿ ಒಮ್ಮೆಗೆ ಒಂದೇ ಮರಿ ಹಾಕುತ್ತದೆ. ಸತ್ತ ಹಕ್ಕಿಗಳಲ್ಲಿ ಬಹುಪಾಲಾಗಿದ್ದ ಮರ್ ಎಂಬ ಹಕ್ಕಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ. ಆಹಾರಕ್ಕಾಗಿ ತೀರದ ಮಣ್ಣು ಕೆದಕುವ ನೀರುನಾಯಿಗಳು ಹುದುಗಿದ್ದ ಎಣ್ಣೆಯನ್ನು ವರ್ಷ ವರ್ಷವೂ ಮತ್ತೆ ಮುಟ್ಟುತ್ತಲೇ ಇದ್ದವು. ಅವುಗಳ ಸಂಖ್ಯೆ ಹಿಂದಿನ ಮಟ್ಟಕ್ಕೆ ಬಂದಿತೆಂದು ವಿಜ್ಞಾನಿಗಳು ಹೇಳಿದ್ದು 2014ರಲ್ಲಿ, ಇಪ್ಪತ್ತೈದು ವರ್ಷಗಳ ಮೇಲೆ.

ಎಚ್ಚರಿಕೆಯ ಕ್ರಮಗಳೂ ಬಂದಿವೆ. ತೈಲದ ಹಡಗುಗಳಿಗೆ ಇಮ್ಮಡಿ ತಳವಿರಬೇಕೆಂದು ಅಮೆರಿಕ 1990ರಲ್ಲಿ ಕಾನೂನು ಮಾಡಿತು. ಅಂಟಾರ್ಕ್ಟಿಕದ ಕಡಲಿನಲ್ಲಿ ಮಂದವಾದ ಭಾರತೈಲವನ್ನು ಹಡಗುಗಳು ಒಯ್ಯುವುದಕ್ಕೂ ಉರಿಸುವುದಕ್ಕೂ 2011ರಲ್ಲಿ ನಿಷೇಧ ಬಂದಿತು. ಉತ್ತರಧ್ರುವದ ಕಡಲಿನಲ್ಲಿ ಅಂಥದೇ ನಿಷೇಧ 2024ರ ಜುಲೈಯಲ್ಲಿ ಜಾರಿಯಾದರೂ, ಕೆಲವು ಹಡಗುಗಳಿಗೆ 2029ರವರೆಗೆ ವಿನಾಯಿತಿ ಉಳಿದಿದೆ. ಹಿಮ ಕರಗುತ್ತಿರುವುದರಿಂದ ಆ ನೀರಿನಲ್ಲಿ ಹಡಗುಗಳ ಸಂಚಾರ ಹೆಚ್ಚುತ್ತಿದೆ. ಅಲ್ಲಿ ಎಣ್ಣೆ ಚೆಲ್ಲಿದರೆ ಹಿಮದ ಕೆಳಗೆ ಸೇರಿದುದನ್ನು ತೆಗೆಯುವವರಾರು, ಕತ್ತಲೆಯ ತಿಂಗಳುಗಳಲ್ಲಿ ಹುಡುಕುವವರಾರು ಎಂಬ ಪ್ರಶ್ನೆಗೆ ತೃಪ್ತಿಕರವಾದ ಉತ್ತರವಿಲ್ಲ.

ಕೊನೆಯದಾಗಿ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಆ ಕೊಲ್ಲಿಯಲ್ಲಿ ಓರ್ಕಾ ತಿಮಿಂಗಿಲಗಳ ಒಂದು ಕುಟುಂಬವಿದೆ. ವಿಜ್ಞಾನಿಗಳ ಲೆಕ್ಕದಲ್ಲಿ ಅದರ ಗುರುತು ಎಟಿ-1. ಅದು ಬೇರೆ ಗುಂಪುಗಳೊಡನೆ ಬೆರೆಯುವುದಿಲ್ಲ. ಅದರ ಕೂಗುಗಳೂ ಅದಕ್ಕೇ ವಿಶಿಷ್ಟ; ನೆರೆಯ ಗುಂಪುಗಳು ಆ ಕೂಗುಗಳನ್ನು ಬಳಸುವುದಿಲ್ಲ. ಸೋರಿಕೆಗೆ ಮುನ್ನ ಅದರಲ್ಲಿ 22 ಜೀವಗಳಿದ್ದವು. ಸೋರಿಕೆಯ ತರುವಾಯ ಒಂಬತ್ತು ಕಾಣದಾದವು. 1984ರ ಈಚೆಗೆ ಅಲ್ಲಿ ಮರಿಯೊಂದು ಹುಟ್ಟಿ ಬೆಳೆದದ್ದು ಕಂಡಿಲ್ಲ; ಉಳಿದವು ಏಳರಷ್ಟು. ಅವು ಇನ್ನೂ ಕೆಲವು ವರ್ಷ ಬದುಕಬಹುದು, ಆ ಕೊಲ್ಲಿಯಲ್ಲಿ ಒಂದನ್ನೊಂದು ಕರೆಯಬಹುದು. ಆದರೆ ಆ ನುಡಿಯನ್ನು ಕಲಿಯುವ ಮರಿ ಇಲ್ಲ. ಎಣ್ಣೆ ಬಿದ್ದದ್ದು ಒಂದು ರಾತ್ರಿ. ಅದರ ಲೆಕ್ಕ ಇನ್ನೂ ಮುಗಿದಿಲ್ಲ.