ಮಣ್ಣಿನ ಶಿಲ್ಪಕ್ಕೆ ಗಾಜಿನ ಮೆರುಗು

ಸುಟ್ಟ ಮಣ್ಣಿನ ಶಿಲ್ಪಕ್ಕೆ ಗ್ಲೇಜ್, ಎಂದರೆ ಗಾಜಿನ ಮೆರುಗು, ಕೊಡುವುದು ಬಟ್ಟಲಿಗೆ ಕೊಟ್ಟಷ್ಟು ಸಲೀಸಲ್ಲ. ಬಟ್ಟಲಿನ ದಪ್ಪ ಸುತ್ತಲೂ ಹೆಚ್ಚುಕಡಿಮೆ ಒಂದೇ. ಶಿಲ್ಪದಲ್ಲಿ ಮೂಗು ತೆಳು, ಮುಡಿ ದಪ್ಪ, ಚಾಚಿದ ತೋಳಿಗೆ ಆಸರೆಯಿಲ್ಲ. ಗೂಡಿನ ಶಾಖ ಏರಿದಂತೆ ಮಣ್ಣಿನಲ್ಲಿರುವ ಫೆಲ್ಡ್‌ಸ್ಪಾರ್ ಕರಗಿ, ಗಾಜಾಗಿ, ಕಣಗಳ ನಡುವಿನ ಸಂದು ತುಂಬುತ್ತದೆ. ಇದು ಅತಿಯಾದರೆ ತೋಳು ಜೋಲುತ್ತದೆ, ಒಳಗೆ ಸಿಕ್ಕಿದ ಅನಿಲ ಗುಳ್ಳೆ ಎಬ್ಬಿಸುತ್ತದೆ. ಸಾಲದೆ ಹೋದರೆ ಮಣ್ಣು ತೇವ ಹೀರಿ ನಿಧಾನವಾಗಿ ಹಿಗ್ಗುತ್ತದೆ. ಎಷ್ಟೋ ವರ್ಷಗಳ ಮೇಲೂ ಮೆರುಗಿನಲ್ಲಿ ಕೂದಲೆಳೆಯ ಬಿರುಕು ಮೂಡಬಹುದು.

ಈ ಇಕ್ಕಟ್ಟನ್ನು ಚೆನ್ನಾಗಿ ಬಿಡಿಸಿದವರಲ್ಲಿ ಫ್ಲಾರೆನ್ಸಿನ ಲೂಕಾ ಡೆಲ್ಲಾ ರೋಬಿಯಾ ಮುಖ್ಯ. 1442ರಿಂದ 1445ರ ನಡುವೆ ಅಲ್ಲಿನ ಕೆಥೆಡ್ರಲ್ಲಿನ ಬಾಗಿಲೊಂದರ ನೆತ್ತಿಗೆ ಆತ ಮಾಡಿದ ಕ್ರಿಸ್ತನ ಪುನರುತ್ಥಾನದ ಉಬ್ಬುಶಿಲ್ಪ ಇಂದಿಗೂ ಹೊಳೆಯುತ್ತಿದೆ. ತವರ ಬೆರೆಸಿದ ಆ ಬಿಳಿ ಮೆರುಗಿನ ಗುಟ್ಟಿನ ಬಗ್ಗೆ ಕಥೆಗಳು ಬೇಕಾದಷ್ಟಿವೆ. ಅರ್ಧ ಗುಟ್ಟಾದರೂ ಮಣ್ಣಿನಲ್ಲೇ ಇತ್ತು. ಅದು ಸುಣ್ಣದಂಶ ಹೆಚ್ಚಿದ್ದ ಮಣ್ಣು. ತಣಿಯುವಾಗ ಅದು ಮೆರುಗಿಗಿಂತ ತುಸು ಹೆಚ್ಚು ಕುಗ್ಗಿ, ಮೆರುಗನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತದೆ. ಗಾಜು ಒತ್ತಡ ತಾಳುತ್ತದೆ, ಎಳೆತ ತಾಳದು. ಒತ್ತಡವೂ ಮಿತಿಮೀರಿದರೆ ಅಂಚುಗಳಲ್ಲಿ ಮೆರುಗು ಚಕ್ಕೆ ಏಳುತ್ತದೆ. ಡೆಲ್ಲಾ ರೋಬಿಯಾ ಮನೆತನದವರು ದೊಡ್ಡ ಶಿಲ್ಪವನ್ನು ತುಂಡು ಮಾಡಿ, ಹಿಂಬದಿ ಟೊಳ್ಳು ತೆಗೆದು, ಬಿಡಿಬಿಡಿಯಾಗಿ ಸುಟ್ಟು ಆಮೇಲೆ ಜೋಡಿಸುತ್ತಿದ್ದರು.

1200 ಡಿಗ್ರಿ ಸೆಲ್ಸಿಯಸ್ ದಾಟುವ ಇಂದಿನ ಸ್ಟೋನ್‌ವೇರ್‌ಗೆ ಅಂಥ ಮಣ್ಣು ಆಗಿಬರದು, ಕರಗಿ ಕುಸಿಯುತ್ತದೆ. ಅಲ್ಲಿ ನೆರವಿಗೆ ಬರುವುದು ಗ್ರಾಗ್: ಸುಟ್ಟು ಕುಟ್ಟಿದ ಮಣ್ಣಿನ ತರಿ. ಒಮ್ಮೆ ಕುಗ್ಗಿದ ತರಿ ಮತ್ತೆ ಅಷ್ಟಾಗಿ ಕುಗ್ಗದು, ದಪ್ಪ ಭಾಗದ ತೇವ ಹೊರಬರಲೂ ದಾರಿ ಮಾಡುತ್ತದೆ. ಆದರೆ ತರಿ ಮೇಲೆದ್ದ ಕಡೆ ಮೆರುಗಿನಲ್ಲಿ ಸೂಜಿಮೊನೆಯಷ್ಟು ತೂತುಗಳಾಗುವುದುಂಟು. ನುಣುಪಾದ ಮಣ್ಣಿನ ತೆಳು ಲೇಪ ಮೊದಲು ಹಚ್ಚಿದರೆ ತಪ್ಪುತ್ತದೆ. ಧೂಳು, ಕೈಯ ಜಿಡ್ಡು ಇದ್ದಲ್ಲಿ, ಮಡಿಕೆಗಳಲ್ಲಿ ಮಂದವಾಗಿ ನಿಂತಲ್ಲಿ ಮೆರುಗು ಮುದುಡಿ ಮಣ್ಣು ಬಯಲಾಗುತ್ತದೆ. 573 ಡಿಗ್ರಿಯ ಸುಮಾರಿಗೆ ಕ್ವಾರ್ಟ್ಜ್ ಹರಳಿನ ಗಾತ್ರ ಥಟ್ಟನೆ ಬದಲಾಗುವುದರಿಂದ ದಪ್ಪ ಶಿಲ್ಪವನ್ನು ಆ ಹಂತದಲ್ಲಿ ಅವಸರವಿಲ್ಲದೆ ಆರಿಸಬೇಕು.

ಮಣ್ಣು ಎಷ್ಟು ಗಾಜಾಗಿದೆ ಎಂದು ತಿಳಿಯಲು ತಕ್ಕಡಿ ಸಾಕು. ಮೆರುಗಿಲ್ಲದ ಸುಟ್ಟ ತುಂಡನ್ನು ತೂಗಿ, ಕೆಲವು ಗಂಟೆ ಕುದಿಸಿ, ನೀರಿನಲ್ಲೇ ತಣಿಸಿ, ಒರೆಸಿ ಮತ್ತೆ ತೂಗುತ್ತಾರೆ. 100 ಗ್ರಾಂ ಇದ್ದದ್ದು 103 ಆದರೆ ಹೀರಿಕೆ ಶೇ 3. ಹಿಮ ಬೀಳುವ ಊರಿನ ಬಯಲಲ್ಲಿ ನಿಲ್ಲುವ ಶಿಲ್ಪಕ್ಕೆ ಈ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಹಜಾರದೊಳಗಿನದಕ್ಕೆ ಇನ್ನಷ್ಟು ಹೆಚ್ಚಿದ್ದರೂ ನಡೆಯುತ್ತದೆ.