ಹೊಟ್ಟೆ ತುಂಬ ಉಣ್ಣಿ, ತೂಕ ಇಳಿಸಿ

ತೂಕ ಇಳಿಸಬೇಕೆಂದು ನಿರ್ಧರಿಸಿದವರು ಮೊದಲು ಮಾಡುವ ಕೆಲಸವೆಂದರೆ ಬೆಳಗಿನ ತಿಂಡಿ ಬಿಡುವುದು. ಹನ್ನೊಂದಕ್ಕೆ ಒಂದು ಲೋಟ ಕಾಫಿ, ಮಧ್ಯಾಹ್ನ ಶಾಸ್ತ್ರಕ್ಕೆ ಎರಡು ತುತ್ತು ಅನ್ನ. ಸಂಜೆ ಐದರ ಹೊತ್ತಿಗೆ ಹಸಿವು ತಡೆಯಲಾರದೆ ಕೈ ಚಕ್ಕುಲಿ ಡಬ್ಬಿಗೆ ಹೋಗುತ್ತದೆ. ರಾತ್ರಿ ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಪಾತ್ರೆಯ ತಳದಲ್ಲಿ ಉಳಿದದ್ದು, ಎಲ್ಲವನ್ನೂ 'ಚೆಲ್ಲುವುದೇಕೆ' ಎಂದು ಮುಗಿಸಿದರೆ ಹಗಲಿನ ಉಪವಾಸವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. 'ನಾನು ಏನೂ ತಿನ್ನುವುದೇ ಇಲ್ಲ, ಆದರೂ ದಪ್ಪಗಾಗುತ್ತಿದ್ದೇನೆ' ಎನ್ನುವ ಗೃಹಿಣಿ ಸುಳ್ಳು ಹೇಳುತ್ತಿಲ್ಲ. ಕೂತು ಉಂಡದ್ದು ಕಡಿಮೆಯೇ. ನಿಂತು ತಿಂದದ್ದು ಮಾತ್ರ ಲೆಕ್ಕಕ್ಕೆ ಬಂದಿಲ್ಲ.

ಹಸಿವಿನೊಂದಿಗೆ ಜಗಳವಾಡಿ ಬಹಳ ದಿನ ಗೆದ್ದವರು ಕಡಿಮೆ. ಅದನ್ನು ತಣಿಸಿಯೇ ತೂಕ ಇಳಿಸುವ ದಾರಿ ಇದೆ. ಆಹಾರ ಬಿದ್ದು ಜಠರದ ಗೋಡೆ ಹಿಗ್ಗಿದಾಗ ನರಗಳ ಮೂಲಕ ಮಿದುಳಿಗೆ 'ಸಾಕು' ಎಂಬ ಸೂಚನೆ ಹೋಗುತ್ತದೆ. ಆಹಾರ ಕರುಳಿಗಿಳಿದಾಗ ಹೊರಡುವ ಹಾರ್ಮೋನುಗಳೂ ಅದನ್ನೇ ಹೇಳುತ್ತವೆ. ನೀರು ಮತ್ತು ನಾರಿನಂಶ ಹೆಚ್ಚಿರುವ ಪದಾರ್ಥ ಕಡಿಮೆ ಕ್ಯಾಲೊರಿಯಲ್ಲೇ ಹೊಟ್ಟೆ ತುಂಬಿಸುತ್ತದೆ. ಪ್ರೋಟೀನು ಆ ತೃಪ್ತಿಯನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಈ ಸೂಚನೆಗೆ ಸ್ವಲ್ಪ ಸಮಯ ಬೇಕು. ಹತ್ತೇ ನಿಮಿಷದಲ್ಲಿ ಊಟ ಮುಗಿಸಿ ಏಳುವವರಿಗೆ ಅದು ತಲುಪುವುದೇ ಇಲ್ಲ.

ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ತಜ್ಞರು 1995ರಲ್ಲಿ ಒಂದು ಸ್ವಾರಸ್ಯಕರ ಪರೀಕ್ಷೆ ಪ್ರಕಟಿಸಿದರು. 38 ಬಗೆಯ ಆಹಾರಗಳನ್ನು ತಲಾ 240 ಕ್ಯಾಲೊರಿ ಬರುವಷ್ಟು ಕೊಟ್ಟು, ಎರಡು ಗಂಟೆಯವರೆಗೆ ಹಸಿವು ಎಷ್ಟು ತಣಿದಿದೆ ಎಂದು ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದಿಟ್ಟುಕೊಂಡರೆ ಕೇಕಿಗೆ ಬಂದದ್ದು 65, ಕಿತ್ತಳೆಗೆ 202. ಎಲ್ಲಕ್ಕಿಂತ ಮೇಲೆ, 323 ಅಂಕ ಪಡೆದದ್ದು ಬೇಯಿಸಿದ ಆಲೂಗಡ್ಡೆ! (ಬೇಯಿಸಿದ್ದು ಎಂಬುದನ್ನು ಗಮನಿಸಿ. ಬೋಂಡಾಪ್ರಿಯರು ಸಂತೋಷಪಡಲು ಇಲ್ಲೇನೂ ಇಲ್ಲ. ಸಕ್ಕರೆ ಕಾಯಿಲೆಯವರು ಆಲೂಗಡ್ಡೆಯನ್ನು ಮಿತಿಯಲ್ಲೇ ಇಡಬೇಕು.)

ಇನ್ನು ನಮ್ಮ ಅಡುಗೆಮನೆಗೆ ಬರೋಣ. ರಾಗಿ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ, ಅಕ್ಕಿಗಿಂತ ತುಸುವಷ್ಟೇ ಕಡಿಮೆ. ವ್ಯತ್ಯಾಸವಿರುವುದು ನಾರಿನಲ್ಲಿ: ರಾಗಿಯಲ್ಲಿ ಸುಮಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂನಷ್ಟು. ಆದ್ದರಿಂದ ದಿನವಿಡೀ ಕುರ್ಚಿಯಲ್ಲಿ ಕೂರುವವರು ಗದ್ದೆಯಲ್ಲಿ ದುಡಿದ ತಾತನ ಲೆಕ್ಕದಲ್ಲಿ ಮುದ್ದೆ ನುಂಗಿದರೆ ಬೊಜ್ಜು ಹೋಗುವುದಿಲ್ಲ. ಒಂದು ಸಣ್ಣ ಮುದ್ದೆ, ಜೊತೆಗೆ ಧಾರಾಳವಾಗಿ ಬಸ್ಸಾರು ಮತ್ತು ಅದರದ್ದೇ ಸೊಪ್ಪು-ಕಾಳಿನ ಪಲ್ಯ. ಬೆಂದ ಸೊಪ್ಪುಕಾಳಿನ ನೀರು ಬಸಿದು ಸಾರು, ಗಟ್ಟಿ ಉಳಿದದ್ದು ಪಲ್ಯ. ನೀರು, ನಾರು, ಪ್ರೋಟೀನು ಮೂರೂ ಇರುವ ಇಂಥ ಊಟಕ್ಕೆ ದುಬಾರಿ ಡಬ್ಬಿಯ ಪುಡಿಗಳು ಸಾಟಿಯೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಉತ್ತರ ಕರ್ನಾಟಕದವರಿಗೆ ಎರಡು ಜೋಳದ ರೊಟ್ಟಿ, ಬಟ್ಟಲು ತುಂಬ ಮಡಕೆಕಾಳಿನ ಪಲ್ಯ, ಹಸಿ ಮೆಂತ್ಯ, ಸೌತೆಕಾಯಿ, ಮಜ್ಜಿಗೆ ಸಾಕು. ಶೇಂಗಾ ಚಟ್ನಿ ಮಾತ್ರ ಚಮಚದಲ್ಲಿರಲಿ.

ಕೋಸಂಬರಿಯನ್ನು ರಾಮನವಮಿಗೆ ಮೀಸಲಿಟ್ಟು ಎಲೆಯ ತುದಿಗೆ ಒಂದು ಚಮಚ ಬಡಿಸುವುದೇಕೋ ತಿಳಿಯದು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕ್ಯಾರೆಟ್ ಹಾಕಿ ತೆಂಗಿನತುರಿ ಕಡಿಮೆ ಮಾಡಿದ ಒಂದು ಬಟ್ಟಲು ಕೋಸಂಬರಿಯನ್ನು ಊಟದ ಆರಂಭದಲ್ಲೇ ತಿನ್ನಿ. ಆಮೇಲೆ ಅನ್ನ ತಾನಾಗಿ ಕಡಿಮೆ ಸೇರುತ್ತದೆ. ಬೆಳಿಗ್ಗೆ ಇಡ್ಲಿಯಾದರೆ ತರಕಾರಿ ತುಂಬಿದ ಸಾಂಬಾರು ಹೆಚ್ಚಿರಲಿ. ವಾರಕ್ಕೆರಡು ದಿನ ಹೆಸರುಕಾಳಿನ ದೋಸೆ ಹುಯ್ಯಿರಿ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಮೊಟ್ಟೆಯೂ ಒಳ್ಳೆಯದೇ. ಸಂಜೆಯ ಡಬ್ಬಿಯ ಜಾಗದಲ್ಲಿ ಬೇಯಿಸಿದ ಕಡಲೆಕಾಳು ಅಥವಾ ಒಂದು ಸೀಬೆಹಣ್ಣು ಇಟ್ಟು ನೋಡಿ.

ಎಣ್ಣೆಯ ವಿಷಯದಲ್ಲಿ ಕೈಯಂದಾಜು ಬೇಡ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದ್ದು, ಅದು ಹೊಟ್ಟೆಯಲ್ಲಿ ಜಾಗವನ್ನೇ ಹಿಡಿಯುವುದಿಲ್ಲ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಂದು ಅಳೆದು ಬೇರೆ ಪಾತ್ರೆಗೆ ಸುರಿದಿಡಿ. ಇಪ್ಪತ್ತನೇ ತಾರೀಖಿಗೇ ಖಾಲಿಯಾದರೆ ತಪ್ಪು ಎಲ್ಲಿದೆಯೆಂದು ನಿಮಗೇ ತಿಳಿಯುತ್ತದೆ.

ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳವಾಯಿತು. ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ನೋಡಿಕೊಳ್ಳಿ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟದ ಪ್ರಮಾಣ ಇಳಿಸಬಾರದು, ತಿಂಡಿಯನ್ನಂತೂ ಬಿಡಲೇಬಾರದು. ಆಹಾರ ಕಡಿಮೆಯಾಗಿ ಔಷಧಿ ಹಾಗೇ ಇದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಕೈನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬಂದರೆ ತಡಮಾಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.